ಗಣಪಾಚಾರಿ ಕೊಂಡ ಚಿನ್ನದ ಗಣಿ

ಚಿನ್ನ ಸಿಗುವ ಗಣಿಯನ್ನು ಯಾರೂ ಮಾರುವುದಿಲ್ಲ. ಇದು ನಿಮಗೆ ಗೊತ್ತು. ಕಾರ್ಕಳದ ಅಕ್ಕಸಾಲಿ ಗಣಪಾಚಾರಿಯವರಿಗೂ ಗೊತ್ತಿತ್ತು. ಗೊತ್ತಿದ್ದೂ ಕೊಂಡರು. ಏಕೆ ಕೊಂಡರೆಂದು ಕೇಳದೆ ಇಷ್ಟು ಕಾಲ ನಕ್ಕಿದ್ದೀರಿ. ಈಗ ನಗು ನಿಲ್ಲಿಸಿ ಓದಿ.

ಅರುವತ್ತಮೂರರ ಜನವರಿಯಲ್ಲಿ ಸರಕಾರದ ಕಾನೂನು ಬಂತು: ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡಕೂಡದು. ದಿಲ್ಲಿಯಲ್ಲಿ ಕುಳಿತವರಿಗೆ ಅದೊಂದು ಅಂಕೆ. ಸುತ್ತಿಗೆ ಬಿದ್ದರೆ ಸೀಳಿಹೋಗುವ ಆ ಚಿನ್ನದಲ್ಲಿ ಯಾವ ತಾಯಿ ಮಗಳ ಮದುವೆಗೆ ಬಳೆ ಮಾಡಿಸುತ್ತಾಳೆ? ಪೇಟೆಯ ಕುಲುಮೆಗಳು ಒಂದೊಂದಾಗಿ ತಣ್ಣಗಾದವು. ಗಣಪಾಚಾರಿ ಬೆಳಿಗ್ಗೆ ಮಿಂದು ಎಂದಿನಂತೆ ಕುಲುಮೆಯ ಮುಂದೆ ಕೂರುತ್ತಿದ್ದರು, ಮಧ್ಯಾಹ್ನ ಹಾಗೇ ಏಳುತ್ತಿದ್ದರು.

"ಬೇರೆ ಎಂತಾದರೂ ಕೆಲಸ ನೋಡುವ" ಎಂದಳು ಹೆಂಡತಿ ಕುಶಲಾ.

"ಈ ಕೈಗೆ ಬೇರೆ ಎಂತ ಬರ್ತದೆ ಮಾರಾಯ್ತಿ?"

ಊಟಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಿದ್ದದ್ದು ಇದೇ: ಮತ್ತೆ ಚಿನ್ನದ ಕೆಲಸ.

ಹಸಿದವನ ವಾಸನೆ ಹದ್ದಿಗೆ ಮೊದಲು ತಿಳಿಯುತ್ತದೆ. ಕಾಪುವಿನ ಕರುಣಾಕರ ಬಂದ. ಬೊಂಬಾಯಿಯಲ್ಲಿ ದಲ್ಲಾಳಿಯಾಗಿದ್ದವನು. ರಾಜಸ್ಥಾನದ ಮರುಭೂಮಿಯಲ್ಲಿ ರಾಜರ ಕಾಲದ ಗಣಿಯೊಂದು ಪಾಳುಬಿದ್ದಿದೆಯಂತೆ. ಅದರ ಹಕ್ಕು ಇವನ ಕೈಯಲ್ಲಿದೆಯಂತೆ. ಕಾಲು ಪಾಲು ಕೊಡುತ್ತಾನಂತೆ.

"ಕಾನೂನು ಇರುವುದು ಒಡವೆಗೆ ಅಲ್ವಾ? ಮಣ್ಣಿನಿಂದ ತೆಗೆಯುವುದಕ್ಕೆ ಯಾರು ಬೇಡ ಅಂತಾರೆ? ಅಲ್ಲಿ ಕರಗಿಸಿ ಗಟ್ಟಿ ಮಾಡಲಿಕ್ಕೆ ನಿಮ್ಮಂಥ ಕೈ ಬೇಕು ಆಚಾರ್ರೇ."

"ಹಾಗಾದರೆ ರಾಜ ಯಾಕೆ ಬಿಟ್ಟು ಹೋದ?"

"ನನ್ನ ಮಾತು ನಂಬಲೇಬೇಡಿ." ಕರುಣಾಕರ ಬಿಳಿಕಲ್ಲಿನ ಚೂರುಗಳ ಚೀಲವನ್ನು ಜಗಲಿಯ ಮೇಲಿಟ್ಟ. "ನೀವೇ ಪರೀಕ್ಷೆ ಮಾಡಿ. ನಿಮ್ಮ ಮನೆಯಲ್ಲಿ, ನಿಮ್ಮ ಕೈಯಲ್ಲಿ. ನಾನು ಒಳಗೆ ಕಾಲು ಕೂಡ ಇಡುವುದಿಲ್ಲ."

ಇದಕ್ಕಿಂತ ನ್ಯಾಯದ ಮಾತು ಯಾವುದು? ಗಣಪಾಚಾರಿ ಆ ಚೂರುಗಳನ್ನು ತಮ್ಮ ಒರಳಿನಲ್ಲಿ ಕುಟ್ಟಿ ಪುಡಿ ಮಾಡಿದರು. ತಮ್ಮ ಮರದ ಮರಿಗೆಯಲ್ಲಿ ನೀರು ಹಾಕಿ ತೊಳೆದರು. ತಳದಲ್ಲಿ ಹಳದಿ ಕಣಗಳು ನಿಂತವು. ಕರಗಿಸಿದರೆ ಸಾಸಿವೆಗಿಂತ ಸಣ್ಣ ಮಣಿ. ಒರೆಗಲ್ಲಿಗೆ ಉಜ್ಜಿದರು. ಚಿನ್ನವೇ.

ಕುಶಲಾ ಬಗ್ಗಿ ನೋಡಿದಳು. "ನಮ್ಮ ಬಳೆಗಳದ್ದೇ ಬಣ್ಣ ಅಲ್ವಾ ಇದು?"

"ಚಿನ್ನಕ್ಕೆ ಮತ್ತೆಂತ ಹಸಿರು ಬಣ್ಣ ಇರ್ತದಾ?"

ಕುಲುಮೆಯಿದ್ದ ಮನೆಯನ್ನೇ ಮಾರಿ ಕಾಲು ಪಾಲು ಕೊಂಡರು. ಕುಶಲಾಳನ್ನು ಪೆರ್ಡೂರಿನ ಅವಳ ಅಕ್ಕನ ಮನೆಯಲ್ಲಿ ಬಿಟ್ಟು, ಸಲಕರಣೆಗಳ ಗಂಟು ಹೊತ್ತು, ರೈಲಿನಿಂದ ರೈಲಿಗೆ ಹತ್ತಿ ಇಳಿದು ಆ ಮರಳುಗಾಡು ಮುಟ್ಟಿದರು. ಗಣಿ ಇತ್ತು. ಒಂದು ಕುಸಿದ ಗುಂಡಿ, ಅಂಚಿನಲ್ಲಿ ಮುಳ್ಳುಕಂಟಿ, ಅದನ್ನು ಮೇಯುವ ಆಡುಗಳು. ಸುತ್ತ ಬಿದ್ದಿದ್ದ ಬಿಳಿಕಲ್ಲುಗಳನ್ನು ಆರಿಸಿ, ಆಡು ಕಾಯುವವನ ಗುಡಿಸಲಿನಲ್ಲಿ ಒರಳು ಬೇಡಿ ಕುಟ್ಟಿದರು. ಅವನದೇ ತಟ್ಟೆಯಲ್ಲಿ ಕುಡಿಯುವ ನೀರು ಹಾಕಿ ತೊಳೆದರು. ಏನೂ ನಿಲ್ಲಲಿಲ್ಲ. ಮತ್ತೆ ಕುಟ್ಟಿದರು, ಮತ್ತೆ ತೊಳೆದರು. ಬರೀ ಮಣ್ಣು.

ಪರರ ಒರಳಿನಲ್ಲಿ ಕುಟ್ಟಿದಾಗ ಅವರಿಗೆ ಹೊಳೆಯಿತು. ಅಕ್ಕಸಾಲಿ ಚಿನ್ನ ಕರಗಿಸಿದ ಮೂಸೆಯನ್ನು ಎಸೆಯುವುದಿಲ್ಲ. ಒಡೆದ ಮೂಸೆಯನ್ನು ಒರಳಿಗೆ ಹಾಕಿ ಕುಟ್ಟಿ, ನೆಲದ ಕಸವನ್ನೂ ಗುಡಿಸಿ ತಂದು ಮರಿಗೆಯಲ್ಲಿ ತೊಳೆದು, ಅಂಟಿದ ಕಣ ತೆಗೆಯುತ್ತಾನೆ. ಅಪ್ಪನ ಕಾಲದಿಂದ ಒರಳಿನ ಕುಳಿಯಲ್ಲಿ, ಮರಿಗೆಯ ಬಿರುಕಿನಲ್ಲಿ ಕೂತಿದ್ದ ಚಿನ್ನವೇ ಅಂದು ಹೊರಬಂದದ್ದು. ಕರುಣಾಕರ ತನ್ನ ಕಡೆಯಿಂದ ಒಂದು ಚೂರು ಚಿನ್ನವನ್ನೂ ಖರ್ಚು ಮಾಡಲಿಲ್ಲ. ಪ್ರತಿ ಆಚಾರಿಯ ಒರಳಲ್ಲೂ ಅಷ್ಟು ಇದ್ದೇ ಇರುತ್ತದೆಂದು ಅವನಿಗೆ ತಿಳಿದಿತ್ತು.

ಊರಿಗೆ ಬಂದು ಕಾಪುವಿಗೆ ಹೋಗಿ ಕೇಳಿದರೆ, "ಗಣಿ ಅಲ್ಲಿ ಉಂಟೋ ಇಲ್ಲವೋ? ಹಳೆಯದು ಅಂತ ಮೊದಲೇ ಹೇಳಿದ್ದೆ. ಪರೀಕ್ಷೆ ಮಾಡಿದ್ದು ನೀವೇ" ಎಂದ. ಮೊನ್ನೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಅವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದಿರಿ. ಮೋಸ ಮಾಡಿದವನಿಗೆ ಹಾರ, ಮೋಸ ಹೋದವರಿಗೆ ಹೋಟೆಲಿನಲ್ಲಿ "ಎಂತ ಆಚಾರ್ರೇ, ಗಣಿಯಿಂದ ಲಾರಿ ಬಂತಾ?"

ಆಮೇಲೆ ಕಾನೂನು ಸ್ವಲ್ಪ ಸಡಿಲವಾಯಿತು: ಹಳೆಯ ಒಡವೆ ಕರಗಿಸಿ ಹೊಸದು ಮಾಡಬಹುದು. ಉಳಿದ ಆಚಾರಿಗಳ ಕುಲುಮೆ ಹೊತ್ತಿಕೊಂಡಿತು. ಗಣಪಾಚಾರಿಯೂ ಪೆರ್ಡೂರಿನ ಆ ಮನೆಯ ಜಗಲಿಯಲ್ಲಿ ಕುಲುಮೆ ಹೂಡಿ, ಹಳೆಯ ಗಿರಾಕಿ ಬರ್ತಾ ಬಾಯಿಯ ಮನೆಗೆ ಹೋದರು. ಅವರ ಮದುವೆಯ ಬಳೆ ಮಾಡಿದ್ದು ಇದೇ ಕೈ.

"ಮಾಡಿಸುವ ಆಚಾರ್ರೇ" ಎಂದರು ಬರ್ತಾ ಬಾಯಿ. "ಆದರೆ ಮುಗಿಯುವವರೆಗೆ ನಾನು ಎದುರಿಗೇ ಕೂತುಕೊಳ್ತೇನೆ. ಬೇಜಾರು ಮಾಡಬೇಡಿ. ನಿಮಗೆ ನಿಮ್ಮದೇ ಚಿನ್ನದ ಗುರುತು ಸಿಗಲಿಲ್ಲ ಅಲ್ವಾ? ಇನ್ನು ನನ್ನದರ ಗುರುತು ಹೇಗೆ ಸಿಗ್ತದೆ?"

ಗಣಪಾಚಾರಿ ಕೈ ಮುಗಿದು ಎದ್ದು ಬಂದರು. ಬೇರೆ ಮನೆಗೆ ಹೋಗಲಿಲ್ಲ. ಈಗ ದಿನಾ ಪೆರ್ಡೂರಿನಿಂದ ಮಣಿಪಾಲಕ್ಕೆ ಹೋಗಿ, ಕಟ್ಟಡಗಳು ಏಳುತ್ತಿರುವ ಕಡೆ ಕೆಂಪು ಮುರಕಲ್ಲು ಹೊರುತ್ತಾರೆ. ಮೂಗುತಿಯ ಹರಳು ಕೂರಿಸುತ್ತಿದ್ದ ಬೆರಳುಗಳ ಚರ್ಮ ಎದ್ದುಹೋಗಿದೆ. ಇನ್ನೊಂದು ವರ್ಷ ಹೀಗೇ ಹೋದರೆ ಅವು ಇಕ್ಕಳ ಹಿಡಿಯಲಾರವು.

ಕೊಂಡಿ ಮುರಿದ ಸರವೋ, ನೆಗ್ಗಿದ ಬಳೆಯೋ ನಿಮ್ಮ ಪೆಟ್ಟಿಗೆಯಲ್ಲಿದೆ. ಇಲ್ಲವೆನ್ನಬೇಡಿ. ಈ ವಾರವೇ ಪೆರ್ಡೂರಿಗೆ ತೆಗೆದುಕೊಂಡು ಹೋಗಿ, ಗಣಪಾಚಾರಿಯವರ ಕೈಯಲ್ಲಿಡಿ. ಎದುರಿಗೆ ಕಾವಲು ಕೂರಬೇಡಿ. ಕೊಟ್ಟು, ಎದ್ದು ಬನ್ನಿ.