ಎತ್ವಾರಿ ಗಂಡಸರನ್ನು ಹೊರಗೆ ಕಳಿಸಿದ ದಿನ

ಉತ್ತರ ಬಂಗಾಳದ ಡುವಾರ್ಸಿನ ಚಹಾ ತೋಟದಲ್ಲಿ ಈಗಷ್ಟೇ ಬೆಳಕು ಹರಿದಿದೆ. ಬೆರಳಿಗೆ ಚಿಂದಿ ಬಟ್ಟೆ ಸುತ್ತಿಕೊಂಡು ಎತ್ವಾರಿ ತಿಗ್ಗಾ ಚಹಾ ಚಿಗುರು ಚಿವುಟುತ್ತಿದ್ದಾಳೆ. ಬುಟ್ಟಿಯ ಪಟ್ಟಿ ಹಣೆಯನ್ನು ಒತ್ತುತ್ತಿದೆ. ಮೊನ್ನೆ ಮೊನ್ನೆಯವರೆಗೆ ಅವಳು ಈ ಸಾಲಿನ ಮೇಲ್ವಿಚಾರಕಿ, ಸರ್ದಾರ್ನಿ. ಈಗ ಬುಟ್ಟಿ ಮತ್ತೆ ಬೆನ್ನಿಗೆ ಬಂದಿದೆ.

"ಬೇಗ ಕೀಳೇ ಸರ್ದಾರ್ನಿ, ಬೈಯೋಕೆ ಈಗ ನೀನಿಲ್ವಲ್ಲ" ಎಂದು ಪಕ್ಕದ ಸಾಲಿನ ಜತ್ರಿ ಕೆಣಕುತ್ತಾಳೆ.

"ನಿನ್ನ ನಾಲಿಗೆ ಕೀಳೋಕೆ ಇದೀನಿ ಕಣೇ."

ಹೊಸ ಸರ್ದಾರ ಛತ್ರಿ ಹಿಡಿದು ಬಂದು ಸಾಲಿಗೆ ಸೇರುತ್ತಾನೆ. ಮಾತು ನಿಲ್ಲುವುದಿಲ್ಲ, ಬದಲಾಗುತ್ತದೆ. ಇವರ ಕುಡುಖ್ ಭಾಷೆಯಲ್ಲಿ ಹೆಂಗಸು ಹೆಂಗಸಿಗೆ 'ಬಂದೆ', 'ಹೋದೆ' ಎನ್ನುವಾಗ ಕ್ರಿಯಾಪದದ ಕೊನೆಯೇ ಬೇರೆ. ಕೇಳುವವರಲ್ಲಿ ಒಬ್ಬ ಗಂಡಸು ಸೇರಿದರೂ ಗಂಡಸರಾಡುವ ರೂಪವನ್ನೇ ಆಡಬೇಕು. ಆ ರೂಪದಲ್ಲಿ ಹವಾಮಾನದ ಬಗ್ಗೆ ಮಾತಾಡಬಹುದು, ಎಲೆಯ ತೂಕದ ಬಗ್ಗೆ ಮಾತಾಡಬಹುದು. ಮೈಯ ಸಂಗತಿ ಆಡಲು ಯಾವ ಹೆಂಗಸಿಗೂ ಬಾಯಿ ಬರುವುದಿಲ್ಲ.

ತೋಟದಲ್ಲಿ ಮುನ್ನೂರು ಹೆಂಗಸರಿದ್ದಾರೆ. ದಿನಕ್ಕೆ ತಲಾ ಇಪ್ಪತ್ತನಾಲ್ಕು ಕಿಲೋ ಎಲೆ ಕೀಳಬೇಕು. ಒಂದೂ ಶೌಚಾಲಯವಿಲ್ಲ. ಮದುವೆಯಾಗಿ ಬಂದ ವರ್ಷ ಎತ್ವಾರಿಯ ಅತ್ತೆ ಅವಳಿಗೆ ತೋರಿಸಿದ್ದು ಗಿಡಗಳ ನಡುವಿನ ಆಳದ ಚರಂಡಿಯನ್ನು. ಬಸುರಿಯಾಗಿದ್ದಾಗಲೂ ಮುಟ್ಟಿನ ದಿನಗಳಲ್ಲೂ ಅವಳು ಇಳಿದದ್ದು ಅಲ್ಲಿಗೇ. ಚಿರತೆಗಳು ಮರಿ ಹಾಕುವುದೂ ಅಲ್ಲಿಯೇ. ಸಾಹೇಬರ ಬಂಗಲೆಯಲ್ಲಿ ನಾಯಿಗೆ ಸ್ನಾನದ ಮನೆಯಿದೆ.

ಕಳೆದ ಫಾಲ್ಗುಣದಲ್ಲಿ ತೋಟಕ್ಕೆ ಹೊಸದಾಗಿ ಮದುವೆಯಾಗಿ ಬಂದ ಸುಕ್ರೋ ಚರಂಡಿಗೆ ಇಳಿದಳು. ಚಿರತೆ ಅವಳ ಭುಜ ಹರಿಯಿತು. ತೋಟದ ಕಚೇರಿ ವಿಚಾರಣೆ ನಡೆಸಿತು. ಸುಕ್ರೋಗೆ ಕುಡುಖ್ ಬಿಟ್ಟರೆ ಬೇರೆ ಮಾತು ಬಾರದು. ಮಾತು ತಿಳಿಸಲು ಕಚೇರಿ ಕೂರಿಸಿದ್ದು ಗುಮಾಸ್ತ ಬಿನೋದನನ್ನು. ಅವನು ಅವಳ ಗಂಡನ ದೊಡ್ಡಪ್ಪನ ಮಗ, ಗಂಡನಿಗಿಂತ ಹಿರಿಯ. ಅಂಥವನ ಎದುರು ತಮ್ಮನ ಹೆಂಡತಿ ಮುಖ ಎತ್ತುವಂತಿಲ್ಲ, ನೇರ ಮಾತಾಡುವಂತಿಲ್ಲ. ಚರಂಡಿಗೆ ಯಾಕೆ ಇಳಿದೆ ಎಂದು ಕೇಳಿದರು. ಅವಳು ಸೆರಗಿನೊಳಗಿಂದ ಅಂದದ್ದು ಒಂದೇ ಮಾತು: "ಸುಮ್ನೆ."

ಕೆಲಸ ಬಿಟ್ಟು ಅಲೆಯುತ್ತಿದ್ದಳು ಎಂದು ತೀರ್ಮಾನವಾಯಿತು. ಪರಿಹಾರವಿಲ್ಲ, ಔಷಧಿಯ ಖರ್ಚೂ ಇಲ್ಲ. ಶೌಚಾಲಯದ ಬಗ್ಗೆ ಹೆಂಗಸರಿಂದ ದೂರೇ ಬಂದಿಲ್ಲ ಎಂದೂ ಕಚೇರಿ ಸೇರಿಸಿತು. ದೂರು ಕೇಳಲು ಕೂತವರೆಲ್ಲ ಗಂಡಸರು ಎಂಬುದನ್ನು ಸೇರಿಸಲಿಲ್ಲ.

ಎತ್ವಾರಿ ಊರೂರು ಓಡಾಡಿ ಕಾರ್ಮಿಕ ಇಲಾಖೆಯಿಂದ ಎರಡನೇ ವಿಚಾರಣೆ ತರಿಸಿದಳು. ಈ ಸಲ ಬಂದ ಅಧಿಕಾರಿ ಹೆಂಗಸು. ಮಾತು ತಿಳಿಸಲು ಅವರ ಪಕ್ಕ ಕೂತವನು ಮತ್ತೆ ಬಿನೋದ.

ಕರೆಯದಿದ್ದರೂ ಎತ್ವಾರಿ ಒಳಗೆ ನುಗ್ಗಿದಳು. "ಬಿನೋದ, ಎದ್ದು ಹೋಗು."

"ಕಾಕಿ, ನಂಗೂ ಕುಡುಖ್ ಬರತ್ತೆ."

"ಬರತ್ತಪ್ಪ. ಅದಕ್ಕೇ ಹೋಗು ಅಂದಿದ್ದು."

ಮ್ಯಾನೇಜರ್ ಇದು ಅಶಿಸ್ತು ಎಂದರು. "ಹೌದು ಸಾಹೇಬ್ರೆ, ನೀವೂ ನಡೀರಿ" ಎಂದಳು ಎತ್ವಾರಿ. ಅಧಿಕಾರಿ ಮೇಡಂ ಅವಳನ್ನೊಮ್ಮೆ, ಸುಕ್ರೋಳ ಸೆರಗನ್ನೊಮ್ಮೆ ನೋಡಿ, ಗಂಡಸರಿಗೆ ಬಾಗಿಲು ತೋರಿಸಿದರು.

ಎತ್ವಾರಿ ಸುಕ್ರೋಳ ಪಕ್ಕದಲ್ಲಿ ನೆಲಕ್ಕೆ ಕೂತು, ಹೆಂಗಸರು ಹೆಂಗಸರಿಗೆ ಆಡುವ ಮಾತಿನಲ್ಲೇ ತನ್ನದನ್ನು ಮೊದಲು ಹೇಳಿಕೊಂಡಳು. ಮೂರನೇ ಬಸುರು ಚರಂಡಿಯಲ್ಲೇ ಇಳಿದುಹೋದದ್ದು. ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟು ಸಂಜೆಯ ತೂಕದವರೆಗೂ ಎಲೆ ಕಿತ್ತದ್ದು. ಆಮೇಲೆ ಸುಕ್ರೋ ಸೆರಗು ಸರಿಸಿದಳು.

"ಅವತ್ತು ಎರಡನೇ ದಿನ ಅಕ್ಕಾ. ಬಟ್ಟೆ ಬದಲಾಯಿಸ್ಬೇಕಿತ್ತು. ಬೇರೆ ಎಲ್ಲಿಗೆ ಹೋಗ್ಲಿ?"

ಎತ್ವಾರಿ ಅದನ್ನು ಒಂದೂ ಮಾತು ಬಿಡದೆ ಮೇಡಂಗೆ ತಿಳಿಯುವಂತೆ, ತೋಟದವರೆಲ್ಲ ಆಡುವ ಸಾದ್ರಿ ಭಾಷೆಯಲ್ಲಿ ಹೇಳಿದಳು. ಅವರು ಅಲ್ಲಿಯೇ ಬರೆದುಕೊಂಡರು.

ಆ ವಾರವೇ ಅವಳ ಸರ್ದಾರಿಕೆ ಹೋಯಿತು. ಇಲಾಖೆಯ ಆದೇಶ ಇನ್ನೂ ಬಂದಿಲ್ಲ. ಸುಕ್ರೋಳ ಬಲಗೈ ತಲೆಯವರೆಗೆ ಏಳುವುದಿಲ್ಲ. ಚರಂಡಿ ಇದ್ದಲ್ಲೇ ಇದೆ.

ಹೊತ್ತೇರಿದೆ. ಹೆಂಗಸರು ಸಾಲಿನ ಕೊನೆಯಲ್ಲಿ ಕೂತು ಎಳೆ ಚಹಾ ಚಿಗುರಿಗೆ ಈರುಳ್ಳಿ, ಹಸಿಮೆಣಸು ಕಿವುಚಿ ರೊಟ್ಟಿಯ ಜೊತೆ ತಿನ್ನುತ್ತಾರೆ, ಉಪ್ಪು ಹಾಕಿದ ಚಹಾ ಕುಡಿಯುತ್ತಾರೆ. ಸರ್ದಾರಿಕೆ ಹೋದದ್ದಕ್ಕೆ ಬೇಸರವಿಲ್ಲವೇ ಎಂದರೆ ಎತ್ವಾರಿ ಮುಖ ಗಂಟಿಕ್ಕುತ್ತಾಳೆ.

"ಬೇಸರ ಇಲ್ದೆ? ಹಣೆ ನೋಯತ್ತೆ. ಆದ್ರೆ ಸುಕ್ರೋ ಹೇಳಿದ್ಲು, ನಾನು ಮುಟ್ಟಿಸ್ದೆ. ನಮಗೆ ಗೊತ್ತಿರ್ಲಿಲ್ಲ ಅಂತ ಇನ್ಮೇಲೆ ಕಚೇರಿಯವ್ರು ಯಾರೂ ಅನ್ನೋ ಹಾಗಿಲ್ಲ."