ಒಂದೇ ಕಣ್ಣಿಗೆ ಸಾಲುವ ಸುಳ್ಳು

ನಮ್ಮ ಮನೆತನದಲ್ಲಿ ಕೆಲವರಿಗೆ ಹರೆಯದಲ್ಲೇ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆಗಳೇಳುತ್ತಿದ್ದವು. ನಲವತ್ತು ದಾಟುವಷ್ಟರಲ್ಲಿ ತಿಳಿಮಜ್ಜಿಗೆ ಬಳಿದ ಹಾಗೆ ಅವು ಹರಡಿಕೊಳ್ಳುತ್ತಿದ್ದವು. ತಾತನಿಗೂ ದೊಡ್ಡಪ್ಪನಿಗೂ ಹಾಗೇ ಆಗಿತ್ತು. ಕೇಳಿದವರಿಗೆ ಒಲೆಯ ಹೊಗೆ ಎನ್ನುತ್ತಿದ್ದರು. ಹುಟ್ಟಿದಾರಭ್ಯ ಒಲೆಯ ಮುಂದೆ ಕೂರದ ಗಂಡಸರಿಗೆ ಒಲೆಯ ಹೊಗೆ!

ಯುದ್ಧದ ಕಾಲ, ನನಗೆ ಹದಿನೇಳು. ಬಿಸಿಲಿಗೆ ಹೋದರೆ ಮೆಣಸಿನಪುಡಿ ಬಿದ್ದಂತೆ ಉರಿ, ಅಕ್ಕಿಯಲ್ಲಿ ಕಲ್ಲು ಕಾಣದು. ಅಪ್ಪ ತೀರಿಕೊಂಡಿದ್ದರು. ಅವ್ವ ಹಳ್ಳಿಮೈಸೂರಿನಿಂದ ಹಾಸನದ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮೊದಲು ಕೇಳಿದ್ದು, ಗಂಡ ಹೆಂಡತಿ ಸಂಬಂಧದವರೇ ಎಂದು. ಅವ್ವ ಅಪ್ಪನ ಸೋದರತ್ತೆಯ ಮಗಳು. ಇದು ರಕ್ತದಲ್ಲೇ ಬರುವ ಕಾಯಿಲೆ, ಮೇಲಿನ ಪೊರೆಯನ್ನು ತೆಳ್ಳಗೆ ಹೆರೆದು ತೆಗೆದರೆ ಕೆಲವು ವರ್ಷ ನೋಟ ಇರುತ್ತದೆ, ಒಂದೊಂದೇ ಕಣ್ಣು ಮಾಡೋಣ ಎಂದರು.

ದೊಡ್ಡಪ್ಪ ಆಗ ಹಿರಿಮಗಳಿಗೆ ಚನ್ನರಾಯಪಟ್ಟಣದ ಕಡೆ, ದೂರದ ನೆಂಟರಲ್ಲೇ, ಗಂಡು ಗೊತ್ತುಮಾಡುತ್ತಿದ್ದರು. ಮನೆತನದ ಕಾಯಿಲೆ ಎಂದು ತಿಳಿದರೆ ಸಂಬಂಧ ಮುರಿದೀತು. ಹಾಗಾಗಿ ರಾಗಿ ತೂರುವಾಗ ನನ್ನ ಕಣ್ಣಿಗೆ ಹೊಟ್ಟು ಬಿತ್ತೆಂದು ಊರಲ್ಲೆಲ್ಲ ಸಾರಿ, ಬಲಗಣ್ಣಿಗೆ ಮಾತ್ರ ಒಪ್ಪಿದರು.

ಔಷಧಿ ಹಾಕಿ ಕಣ್ಣು ಮರಗಟ್ಟಿಸಿ ಹೆರೆದರು. ನೋವಿಲ್ಲದಿದ್ದರೂ ಕರಕರ ಎನ್ನುವುದು ಗೊತ್ತಾಗುತ್ತಿತ್ತು. ಅಗಿಯಬಾರದೆಂದು ಅವ್ವ ಗಂಜಿ ಕುಡಿಸುತ್ತಿದ್ದಳು. ಕಟ್ಟು ಬಿಚ್ಚಿದ ಕೆಲವು ದಿನಕ್ಕೆ ಅವಳ ಸೆರಗಿಗೆ ಹಾಕಿದ್ದ ಹೊಲಿಗೆಯ ನೂಲು ಒಂದೊಂದೇ ಕಂಡಿತು.

ಮೂರು ತಿಂಗಳಿಗೆ ಎಡಗಣ್ಣಿಗೆ ಬರಲು ಹೇಳಿದ್ದರು. ದೊಡ್ಡಪ್ಪ ಬಿಡಲಿಲ್ಲ. "ಒಂದ್ ಕಣ್ಗೆ ಒಟ್ಟು ಬಿತ್ತು ಅಂದ್ರೆ ನಂಬ್ತಾರೆ. ಎಲ್ಡಕ್ಕೂ ಬಿತ್ತು ಅಂದ್ರೆ ಯಾರ್ಲಾ ನಂಬ್ತಾರೆ?" ಎಂದು, ಯಾಕೆ ಬೇಡವೆಂದು ಕೇಳಿದ ನನ್ನ ಅಣ್ಣನನ್ನು ಜಗಲಿಯಲ್ಲೇ ಗದರಿಸಿದರು. ಮದುವೆ ಮುಗಿಯಲಿ ಎಂದರು. ದಿಬ್ಬಣ ಬಂದಾಗ ನೋಡುತ್ತೇನೆ, ಬೀಗರನ್ನು ಅವರ ಮೊಮ್ಮಗ ಕೈಹಿಡಿದು ಇಳಿಸುತ್ತಿದ್ದಾನೆ. ಬೀಗರ ಕಣ್ಣಲ್ಲಿ ಅದೇ ಬಿಳುಪು. ಅವರ ಮನೆಯಲ್ಲೂ ಒಲೆ ಹೊಗೆಯಂತೆ. ಇಂಥವರಿಂದ ಕಾಯಿಲೆ ಮುಚ್ಚಿಡಲು ನನ್ನ ಎಡಗಣ್ಣು ಕಾಯುತ್ತಿತ್ತು.

ಮದುವೆ ಮುಗಿದ ಮೇಲೆ, ತಮ್ಮ ಚಿಕ್ಕ ಮಗಳದ್ದೂ ಆಗಿಬಿಡಲಿ ಎಂದರು ದೊಡ್ಡಪ್ಪ. ಎಂದೂ ಅವರೆದುರು ಮಾತಾಡದ ಅವ್ವ ಅಡಿಗೆಮನೆ ಬಾಗಿಲಲ್ಲಿ ನಿಂತು, "ಇನ್ನೊಂದ್ ಸುಳ್ಳು ಉಡುಕ್ಕಳಿ ಬಾವ. ನಾವು ನಾಳೆ ಬಸ್ಸಿಗೆ ಓಯ್ತೀವಿ" ಎಂದಳು.

ಹೋದೆವು. ಎಡಗಣ್ಣು ಬಲಗಣ್ಣಿನಷ್ಟು ತಿಳಿಯಾಗಲಿಲ್ಲ. ಚುಕ್ಕೆ ಆಳಕ್ಕಿಳಿದಿದೆ, ವರ್ಷದ ಮೇಲಾಯಿತಲ್ಲ, ಯಾಕೆ ತಡಮಾಡಿದಿರಿ ಎಂದು ಡಾಕ್ಟರು ಸಿಡುಕಿದರು.

"ಮನೇಲಿ ಒಂದ್ ಮದ್ವೆ ಇತ್ತು ಸಾ," ಎಂದಳು ಅವ್ವ.