ಪಕ್ಕದವರ ಕಾರಿಗೆ ನೆರಳು

ತುಮಕೂರಿನಲ್ಲಿ ಹನ್ನೆರಡು ವರ್ಷ ಶಾಮಿಯಾನ ಹೊಲಿದು, ಕಟ್ಟಿ, ಬಿಚ್ಚಿದವನು ನಾನು. ಸತ್ಯಮಂಗಲದ ಕಾರ್ಖಾನೆಗಳ ಆಯುಧಪೂಜೆ, ಕುಣಿಗಲ್ ಕಡೆಯ ಬೀಗರೂಟ ಎಲ್ಲವೂ ನನ್ನ ನೆರಳಿನಲ್ಲೇ ನಡೆದಿವೆ. ಹಾಗಾಗಿ ಒಮಾನ್‌ಗೆ ಹೋಗಿ ನೆರಳಿನ ವ್ಯಾಪಾರ ಮಾಡುತ್ತೇನೆ ಎಂದಾಗ ಹೆಂಡತಿಯನ್ನು ಬಿಟ್ಟು ಯಾರೂ ನಗಲಿಲ್ಲ. ಅಷ್ಟು ಬಿಸಿಲಿರುವ ಕಡೆ ನೆರಳಿಗೆ ಗಿರಾಕಿ ಇಲ್ಲದೆ ಹೋಗುತ್ತಾರೆಯೇ?

ಹೆಂಡತಿಯದು ಗುಬ್ಬಿಯಲ್ಲಿ ಹೊಲಿಗೆ ಕ್ಲಾಸು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಂಟು ಜನ ಹೆಂಗಸರು ಕಲಿಯುತ್ತಿದ್ದರು. ಅದನ್ನು ಬಿಟ್ಟು ಎಲ್ಲಿಗೂ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಕೊನೆಗೆ ಒಂದು ಮಾತಿಗೆ ಬಂದೆವು: ನನ್ನ ಮೊದಲ ಕೆಲಸ ಕೈಹಿಡಿದರೆ ಮಗಳನ್ನು ಕರೆದುಕೊಂಡು ಅವಳು ಅಲ್ಲಿಗೆ ಬರಬೇಕು, ಇಲ್ಲದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಗುಬ್ಬಿಗೆ ವಾಪಸ್ಸಾಗಬೇಕು.

ಅಲ್ಲಿಗೆ ಹೋದ ಮೊದಲ ವಾರವೆಲ್ಲ ನಾನು ಬೀದಿ ಸುತ್ತಿದೆ. ಎಲ್ಲಿ ಹೋದರೂ ಜನ ಎಲ್ಲಿ ಕೂರುತ್ತಾರೆ ಎಂದು ನೋಡುವುದು ನನ್ನ ಚಾಳಿ. ಬಸ್ಸಿಗೆ ಕಾಯುವವರು ಒಂದು ದೀಪದ ಕಂಬದ ಸಣ್ಣ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿದ್ದನ್ನು ಕಂಡು ಬೆರಗಾದೆ. ಬೆಕ್ಕುಗಳು ಒಂದು ಕಾರಿನ ಅಡಿಯಿಂದ ಇನ್ನೊಂದರ ಅಡಿಗೆ ಓಡುತ್ತಿದ್ದವು. ಮರಳಿನ ಬಣ್ಣ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಇಷ್ಟೆಲ್ಲ ಗಮನಿಸಿದ ಮನುಷ್ಯ ಗಡಿಯಾರವನ್ನು ಮಾತ್ರ ನೋಡಲಿಲ್ಲ.

ಮೊದಲ ಕೆಲಸ ಕೊಟ್ಟವರು ಒಬ್ಬ ಚಹಾ ಅಂಗಡಿಯವರು. ನಮ್ಮ ಕರಾವಳಿಯಿಂದ ನನಗಿಂತ ಬಹಳ ಹಿಂದೆ ಬಂದವರು. ಅಂಗಡಿಯ ಅಂಗಳಕ್ಕೆ ನೆರಳು ಮಾಡಿಕೊಡು, ಸರಿಬಂದರೆ ಇಬ್ಬರೂ ಪಾಲುದಾರರಾಗೋಣ ಎಂದರು. ನಾನು ಊರಿನ ಪದ್ಧತಿಯಂತೆ ಕಂಬಗಳನ್ನು ಎತ್ತರಕ್ಕೆ ನಿಲ್ಲಿಸಿ, ಗಾಳಿಯಾಡಲಿ ಎಂದು ಸುತ್ತಲೂ ತೆರೆದು ಬಿಟ್ಟು, ಅಡ್ಡಪರದೆಯನ್ನು ಅಡುಗೆಕೋಣೆಯ ಕಡೆಗೆ ಕಟ್ಟಿದೆ. ನಮ್ಮಲ್ಲಿ ಅದು ಇರುವುದೇ ಬಾಣಸಿಗರನ್ನೂ ಕೈತೊಳೆಯುವ ಜಾಗವನ್ನೂ ಮರೆಮಾಡಲು.

ಮಧ್ಯಾಹ್ನ ಹನ್ನೆರಡಕ್ಕೆ ನನ್ನ ನೆರಳು ಅಚ್ಚುಕಟ್ಟಾಗಿತ್ತು. ಸಂಜೆ ನಾಲ್ಕಕ್ಕೆ ಗಿರಾಕಿಗಳು ಬಂದರು. ಬಿಸಿಲು ಅವರ ಮುಖಕ್ಕೇ ಹೊಡೆಯುತ್ತಿತ್ತು. ನೆರಳು ಅಂಗಳ ದಾಟಿ ಪಕ್ಕದ ಮನೆಯವರ ಕಾರಿನ ಮೇಲೆ ಹಾಯಾಗಿ ಮಲಗಿತ್ತು. ಅಂಗಡಿಯವರು ಕಾರನ್ನು ನೋಡಿದರು, ನನ್ನನ್ನು ನೋಡಿದರು. ಶುಕ್ರವಾರದವರೆಗೆ ನೋಡುತ್ತೇನೆ, ಸರಿಹೋಗದಿದ್ದರೆ ಬಿಚ್ಚಿಬಿಡು ಎಂದರು.

ಆ ಸಂಜೆಯೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ಅಂಗಳವನ್ನೆಲ್ಲ ತೋರಿಸಿದೆ. ಅವಳು ಈ ಸಲ ನಗಲಿಲ್ಲ.

"ಊಟ ಎಷ್ಟೊತ್ಗೆ ರೀ ಅಲ್ಲಿ?"

"ಮಧ್ಯಾಹ್ನ ಅಂಗ್ಡಿನೇ ಮುಚ್ತಾರೆ ಕಣೇ. ಜನ ಬರೋದೇ ನಾಲ್ಕರ ಮೇಲೆ, ಟೀ ಕುಡಿಯಾಕೆ."

"ಮತ್ತೆ ಮದ್ವೆ ಊಟದ ನೆರಳು ಹಾಕಿದೀರಲ್ಲ. ನಾಲ್ಕು ಗಂಟೆ ಬಿಸ್ಲು ನೆತ್ತಿ ಮೇಲಿರುತ್ತಾ? ಆ ಪರದೆ ಯಾಕ್ ಅಲ್ಲಿ ಕಟ್ಟಿದೀರಿ?"

"ಅಡುಗೆಮನೆ ಅಲ್ಲೇ ಇರೋದು."

ಅವಳು ತಿರುಗಿ ಮುಂದಿನ ಕೋಣೆಯ ಹೊಲಿಗೆ ಯಂತ್ರಗಳ ಕಡೆ ನೋಡಿದಳು. ಕ್ಲಾಸಿನವರು ಯಾರೋ ಕರೆದಿರಬೇಕು ಎಂದುಕೊಂಡೆ.

"ಪಡುವಣಕ್ಕೆ ಕಟ್ರಿ," ಅಂದಳು. "ಆ ಕಡೆ ಕಂಬಾನೂ ಗಿಡ್ಡ ಮಾಡಿ."

ಮಾರನೆಯ ಬೆಳಿಗ್ಗೆ ಹಾಗೆಯೇ ಮಾಡಿದೆ. ಅಂದು ನಾಲ್ಕಕ್ಕೆ ಬಂದವರು ಕುರ್ಚಿಗಳನ್ನು ಎಳೆದುಕೊಂಡು ಕೂತರು, ಎರಡನೆಯ ಲೋಟಕ್ಕೂ ಕೈ ಎತ್ತಿದರು. ಶುಕ್ರವಾರ ಅಂಗಡಿಯವರು ನನ್ನ ಬೆನ್ನು ತಟ್ಟಿ ಪಾಲುದಾರಿಕೆಯ ಕಾಗದ ಮಾಡಿಸೋಣ ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಕೂಡಲೇ ಫೋನ್ ಮಾಡಿ ಸುದ್ದಿ ಹೇಳಿದೆ.

"ಒಳ್ಳೇದಾಯ್ತು," ಅಂದಳು. ಆಮೇಲೆ, "ಈ ಬ್ಯಾಚ್ ಮುಗಿಯೋಗಂಟ ತಡೀತೀರಾ? ಬ್ಲೌಸ್ ಕಟಿಂಗ್ ಇನ್ನೂ ಹೇಳ್ಕೊಟ್ಟಿಲ್ಲ ಅವ್ರಿಗೆ."

ಆಗ ಹೊಳೆಯಿತು ನನಗೆ. ಅಂದು ಪರದೆಯ ತಪ್ಪು ಹೇಳದೆ ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು, ಆ ವಾರವೇ ಗಂಟುಮೂಟೆ ಕಟ್ಟಿಕೊಂಡು ನಾನೇ ಗುಬ್ಬಿಗೆ ಬರುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ನನಗೆ ನಾಚಿಕೆಯಾಯಿತು.

"ಮತ್ಯಾಕೆ ಹೇಳ್ದೆ?" ಎಂದು ಕೇಳಿದೆ.

"ತಪ್ಪು ಕಣ್ಣಿಗೆ ಕಾಣ್ತಿತ್ತಲ್ಲ ರೀ. ಕಲಿಸೋಳು ಹೆಂಗ್ ಸುಮ್ಕಿರ್ಲಿ?"